ಧೋಂಡಿಯಾ ವಾಘ್: ದಾಖಲೆ ಮತ್ತು ಜನಸ್ಮೃತಿ

ಶ್ರೀರಂಗಪಟ್ಟಣದ ಪತನಾನಂತರ ಕನ್ನಡ ನೆಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ಸಶಸ್ತ್ರವಾಗಿ ಎದುರಿಸಿದವರಲ್ಲಿ ಧೋಂಡಿಯಾ ವಾಘ್ ಮೊದಲಿಗ. ಇಂಗ್ಲಿಷ್ ದಾಖಲೆಗಳು ಅವನನ್ನು ಲೂಟಿಕೋರನೆಂದು ಕರೆದಿವೆ. ಈಚಿನ ಬರಹಗಳು ಸ್ವಾತಂತ್ರ್ಯ ಹೋರಾಟಗಾರನೆಂದು ಕೊಂಡಾಡಿವೆ. ಇವೆರಡರಲ್ಲಿ ಯಾವುದೊಂದೂ ಅವನ ಬದುಕನ್ನು ಪೂರ್ತಿಯಾಗಿ ಒಳಗೊಳ್ಳಲಾರದೆಂಬುದು ಪ್ರಸ್ತುತ ಲೇಖನದ ನಿಲುವು.

1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ಅವನ ಜನ್ಮಸ್ಥಳ. ಮನೆತನ ಮರಾಠಾ ಪವಾರರದು. ಹೈದರಾಲಿಯ ಅಶ್ವದಳದಲ್ಲಿದ್ದ ಅವನು ಮೂರನೆಯ ಮೈಸೂರು ಯುದ್ಧದ ವೇಳೆಗೆ ಆ ಸೇವೆಯನ್ನು ತೊರೆದು ಧಾರವಾಡ ಸೀಮೆಯಲ್ಲಿ ಸ್ವಂತ ಪಡೆ ಕಟ್ಟಿದನು. ಮರಾಠಾ ಸೇನಾನಿ ಧೋಂಡೋಪಂತ ಗೋಖಲೆಯ ಒತ್ತಡಕ್ಕೆ ಸಿಲುಕಿ 1794ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಬಂದು, ಅಲ್ಲಿ ಮತಾಂತರಗೊಂಡು ಸೆರೆಮನೆ ಸೇರಿದನು. ಕುದುರೆ, ಕತ್ತಿಗಳುಳ್ಳವನು ಒಡೆಯನನ್ನು ಬದಲಿಸುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಕುಲವಾಗಲಿ ರಾಜ್ಯದ ಗಡಿಯಾಗಲಿ ಅದಕ್ಕೆ ಅಡ್ಡಿಯಾಗುತ್ತಿರಲಿಲ್ಲ.

1799ರ ಮೇ 4ರಂದು ಪಟ್ಟಣ ಬಿದ್ದಾಗ ಬಿಡುಗಡೆ ಪಡೆದ ಧೋಂಡಿಯಾ, ಟಿಪ್ಪುವಿನ ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಆಕ್ರಮಿಸಿದನು. ಆಗಸ್ಟಿನಲ್ಲಿ ಶಿಕಾರಿಪುರ ಕೈತಪ್ಪಿತು. ಅವನು ಮರಾಠರ ಸೀಮೆಗೆ ಸರಿದನು. ಮರುವರ್ಷ ‘ಉಭಯಲೋಕಾಧೀಶ್ವರ’ನೆಂಬ ಬಿರುದು ಧರಿಸಿ ಮತ್ತೆ ಕಾಣಿಸಿಕೊಂಡನು. ಜೂನ್ ಕೊನೆಯಲ್ಲಿ ಕಿತ್ತೂರಿನ ಸಮೀಪ ಗೋಖಲೆಯನ್ನು ಕೊಂದು, ಶಪಥದಂತೆ ಅವನ ನೆತ್ತರಿನಿಂದ ಮೀಸೆ ತೊಳೆದನೆಂಬ ಕಥೆಯಿದೆ. ನಮ್ಮ ಭಾರತ ಕಥನಗಳ ಭೀಮನ ಶಪಥದ ಆಶಯ ಇಲ್ಲಿ ಎದ್ದು ಕಾಣುತ್ತದೆ. ಘಟನೆ ನಡೆಯಿತೇ ಎಂಬುದಕ್ಕಿಂತ, ಒಬ್ಬ ಸವಾರನ ವೈರವನ್ನು ಪೌರಾಣಿಕ ಅಚ್ಚಿನಲ್ಲಿ ಹೇಳಬೇಕೆನಿಸಿದ್ದು ಜಾನಪದ ಅಧ್ಯಯನಕ್ಕೆ ಮುಖ್ಯ.

ಎದುರಾಳಿಯೂ ಅವನನ್ನು ಹಗುರವಾಗಿ ಎಣಿಸಲಿಲ್ಲ. ಆರ್ಥರ್ ವೆಲ್ಲೆಸ್ಲಿಯು ಬಟೇವಿಯಾ ದಂಡಯಾತ್ರೆಯ ಅವಕಾಶವನ್ನು ಬಿಟ್ಟು ಇವನ ಬೆನ್ನಟ್ಟಿದನು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುನ್ನುಗ್ಗಿದನು. ಧೋಂಡಿಯಾ ರಣರಂಗದಲ್ಲೇ ಮಡಿದನು. ಶಿಬಿರದಲ್ಲಿ ಸಿಕ್ಕ ಎಳೆಯ ಮಗ ಸಲಾಬತ್ ಖಾನನ ಪೋಷಣೆಗೆ ವೆಲ್ಲೆಸ್ಲಿಯೇ ಹಣವಿರಿಸಿದನು.

ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವಾಲಯದ ಕತ್ತಿಯೊಂದನ್ನು ಸ್ಥಳೀಯ ಪರಂಪರೆಯು ಧೋಂಡಿಯಾನದೆಂದು ಗುರುತಿಸುತ್ತದೆ. ಮರಾಠಾ ಕುಲದಲ್ಲಿ ಹುಟ್ಟಿ, ಇಸ್ಲಾಂ ಸ್ವೀಕರಿಸಿ, ಮರಾಠರನ್ನೂ ಇಂಗ್ಲಿಷರನ್ನೂ ಎದುರಿಸಿದವನ ಆಯುಧಕ್ಕೆ ಆಂಜನೇಯನ ಗುಡಿಯಲ್ಲಿ ಸ್ಥಾನ ದೊರೆತಿದೆ. ಬರಹದ ಚರಿತ್ರೆ ‘ದರೋಡೆಕೋರ’, ‘ದೇಶಭಕ್ತ’ ಎಂಬ ಹಣೆಪಟ್ಟಿಗಳಲ್ಲಿ ತೊಡಗಿರುವಾಗ, ಜನಸ್ಮೃತಿಯು ಅವೆರಡನ್ನೂ ಬಳಸದೆ ಅವನನ್ನು ಉಳಿಸಿಕೊಂಡಿದೆ. ಮಲೆನಾಡಿನ ಚರಿತ್ರೆಯನ್ನು ಬರೆಯುವವರು ಈ ಸಾಕ್ಷ್ಯವನ್ನೂ ದಾಖಲೆಯಷ್ಟೇ ಗಂಭೀರವಾಗಿ ಪರಿಶೀಲಿಸುವುದು ಅಗತ್ಯ.