ಕಾರ್ನ್ ಸ್ನೇಕ್‌ನ ಆಹಾರಕ್ರಮ: ಅಳತೆ, ಅಂತರ, ಕಾವು

ಅಮೆರಿಕದ ಆಗ್ನೇಯ ರಾಜ್ಯಗಳ ಕಾಡಂಚುಗಳಲ್ಲಿಯೂ ಹೊಲಗಳ ಕಣಜಗಳ ಸುತ್ತಲೂ ಕಾಣಸಿಗುವ ಕಾರ್ನ್ ಸ್ನೇಕ್ ವಿಷರಹಿತ ಹಾವಾಗಿದ್ದು, ಇಲಿಗಳನ್ನು ಸುತ್ತಿ ಬಿಗಿದು ಕೊಂದು ಇಡಿಯಾಗಿ ನುಂಗುತ್ತದೆ. ಸೌಮ್ಯ ಸ್ವಭಾವದಿಂದಾಗಿ ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಇದನ್ನು ಸಾಕುವ ರೂಢಿ ಬೆಳೆದಿದೆಯಾದರೂ, ದಿನವೂ ಉಣ್ಣುವ ನಾಯಿ-ಬೆಕ್ಕುಗಳ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಹಾವು ಶೀತರಕ್ತ ಪ್ರಾಣಿ, ಅಂದರೆ ಮೈಗೆ ಬೇಕಾದ ಶಾಖವನ್ನು ಹೊರಗಿನಿಂದ ಪಡೆಯುವ ಜೀವಿಯಾದ್ದರಿಂದ, ಅದಕ್ಕೆ ಸ್ವಲ್ಪವೇ ಆಹಾರ ಸಾಕು, ಆದರೆ ಅದನ್ನು ಅರಗಿಸಿಕೊಳ್ಳಲು ಕಾಲವೂ ಕಾವೂ ಬೇಕು.

ಇಡೀ ಇಲಿಯ ಮಾಂಸ, ಮೂಳೆ ಮತ್ತು ಯಕೃತ್ತಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಹಾಗೂ ವಿಟಮಿನ್‌ಗಳು ಒಟ್ಟಿಗೆ ದೊರೆಯುವುದರಿಂದ ಬರಿಯ ಮಾಂಸದ ತುಂಡುಗಳು ಅದರ ಸ್ಥಾನವನ್ನು ತುಂಬಲಾರವು. ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗದ ಒಂದೂವರೆ ಪಟ್ಟನ್ನು ಮೀರಬಾರದು. ಹಾವಿನ ಮರಿಗೆ ‘ಪಿಂಕಿ’, ಅಂದರೆ ಇನ್ನೂ ರೋಮ ಮೂಡದ ಎಳೆಯ ಇಲಿಮರಿಯನ್ನು 5ರಿಂದ 7 ದಿನಗಳಿಗೊಮ್ಮೆ ಕೊಟ್ಟರೆ, ಪೂರ್ಣ ಬೆಳೆದ ಹಾವಿಗೆ 10ರಿಂದ 14 ದಿನಗಳಿಗೊಂದು ದೊಡ್ಡ ಇಲಿ ಸಾಕಾಗುತ್ತದೆ.

ಜೀವಂತ ಇಲಿ ತಿರುಗಿಬಿದ್ದು ಕಚ್ಚಿ ಹಾವನ್ನು ಗಾಯಗೊಳಿಸಬಲ್ಲದಾದ್ದರಿಂದ, ಮೊದಲೇ ಕೊಂದು ಫ್ರೀಜರಿನಲ್ಲಿಟ್ಟ ಇಲಿಯನ್ನು ಕೊಡುವುದೇ ಸುರಕ್ಷಿತ ಕ್ರಮ. ಅದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮಂಜು ಪೂರ್ತಿ ಕರಗಿದ ಮೇಲೆ ಬಿಸಿನೀರಿನಲ್ಲಿ ಬೆಚ್ಚಗಾಗಿಸಬೇಕೇ ಹೊರತು ಮೈಕ್ರೋವೇವ್‌ನಲ್ಲಿ ಇಡಬಾರದು, ಏಕೆಂದರೆ ಅಲ್ಲಿ ಮಾಂಸ ಕೆಲವೆಡೆ ಬೆಂದು ಕೆಲವೆಡೆ ತಣ್ಣಗೇ ಉಳಿಯುತ್ತದೆ. ಹಾವು ನಾಲಿಗೆಯಿಂದ ವಾಸನೆಯ ಕಣಗಳನ್ನು ಎತ್ತಿ ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸಿ ಬೇಟೆಯನ್ನು ಗುರುತಿಸುವುದರಿಂದ, ಕೈಗೆ ಇಲಿಯ ವಾಸನೆ ಅಂಟಿದ್ದರೆ ಕೈಯನ್ನೇ ಬೇಟೆಯೆಂದು ಭ್ರಮಿಸಬಹುದು. ಆದಕಾರಣ ಉದ್ದನೆಯ ಇಕ್ಕಳದಿಂದ ನೀಡುವುದು ಒಳ್ಳೆಯದು.

ಉಂಡ ಬಳಿಕ ಕನಿಷ್ಠ 48 ಗಂಟೆ ಹಾವನ್ನು ಎತ್ತಿಕೊಳ್ಳದೆ, ಗೂಡಿನ ಒಂದು ಬದಿಯನ್ನು ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಿಸಬೇಕು. ಕಾವು ಸಾಲದಿದ್ದರೆ ಅಥವಾ ಬೇಟೆ ತೀರ ದೊಡ್ಡದಾಗಿದ್ದರೆ ನುಂಗಿದ್ದು ಅರಗದೆ ಹೊರಬರುತ್ತದೆ. ಆಗ ಮರುದಿನವೇ ಮತ್ತೆ ತಿನ್ನಿಸದೆ, ಹತ್ತು-ಹದಿನಾಲ್ಕು ದಿನ ಬಿಟ್ಟು ಮೊದಲಿಗಿಂತ ಚಿಕ್ಕ ಇಲಿಯನ್ನು ಕೊಡಬೇಕು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗ ಹಲವು ಹಾವುಗಳು ಆಹಾರವನ್ನು ನಿರಾಕರಿಸುತ್ತವೆ, ಅದು ಕಾಯಿಲೆಯಲ್ಲ.

ಭಾರತದ ಓದುಗರು ಇದನ್ನು ಓದಿ ಕೇರೆಹಾವಿನಂತಹ ಸ್ಥಳೀಯ ಹಾವನ್ನು ಹಿಡಿದು ಸಾಕಲು ಮುಂದಾಗಕೂಡದು, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಕಾನೂನುಬದ್ಧವಾಗಿ ಕಾರ್ನ್ ಸ್ನೇಕ್ ಸಾಕುವವರಿಗಾದರೋ, ಹಸಿವಾಗಿದೆಯೆಂಬ ಊಹೆಯಿಂದ ಹೆಚ್ಚು ತಿನ್ನಿಸುವುದು ಅಕ್ಕರೆಯಲ್ಲ, ಬೊಜ್ಜಿಗೆ ದಾರಿ. ಪ್ರತಿ ಊಟದ ದಿನಾಂಕವನ್ನೂ ಹಾವಿನ ತೂಕವನ್ನೂ ಬರೆದಿಟ್ಟುಕೊಂಡು, ಉಣ್ಣದೆ ತೂಕ ಇಳಿಯತೊಡಗಿದರೆ ಪಶುವೈದ್ಯರನ್ನು ಕಾಣುವುದೇ ನಿಜವಾದ ಆರೈಕೆ.