ಆರ್ನೆ ನೆಸ್ ಅವರ ಪ್ರಕೃತಿದರ್ಶನ

ತತ್ತ್ವಶಾಸ್ತ್ರವು ಗ್ರಂಥಗಳಲ್ಲಿಯೇ ಉಳಿಯತಕ್ಕ ವಿದ್ಯೆಯಲ್ಲ. ಬಾಳನ್ನು ತಿದ್ದುವ ಶಕ್ತಿಯೂ ಅದಕ್ಕುಂಟು. ನಾರ್ವೆ ದೇಶದ ಆರ್ನೆ ನೆಸ್ ಅವರ ಜೀವನ ಇದಕ್ಕೆ ನಿದರ್ಶನ. 1939ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಅವರು ಓಸ್ಲೋ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಸುಮಾರು ಮೂವತ್ತು ವರ್ಷಗಳ ತರುವಾಯ ಸ್ವಇಚ್ಛೆಯಿಂದ ಅವಧಿಗೆ ಮೊದಲೇ ನಿವೃತ್ತರಾದರು.

1970ರಲ್ಲಿ ಮಾರ್ಡೋಲ ಜಲಪಾತದ ನೀರನ್ನು ವಿದ್ಯುತ್ತಿಗಾಗಿ ತಿರುಗಿಸುವ ಕಾರ್ಯ ಆರಂಭವಾದಾಗ, ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಅನುಸರಿಸಿ ಅದನ್ನು ತಡೆಯಹೊರಟವರಲ್ಲಿ ನೆಸ್ ಅವರೂ ಒಬ್ಬರು. ಪೊಲೀಸರು ಅವರನ್ನು ಎತ್ತಿಕೊಂಡು ಹೋದರು, ಯೋಜನೆ ನಿಲ್ಲಲಿಲ್ಲ. ಆದರೆ ಆ ಹೋರಾಟದ ಹಿಂದಿದ್ದ ವಿಚಾರ ಬೆಳೆಯಿತು.

1973ರ ಲೇಖನವೊಂದರಲ್ಲಿ ಅವರು ಪರಿಸರಚಿಂತನೆಯ ಎರಡು ಬಗೆಗಳನ್ನು ಗುರುತಿಸಿದರು. ಮನುಷ್ಯನ ಆರೋಗ್ಯ, ಸಂಪತ್ತುಗಳಿಗಾಗಿ ಮಾತ್ರ ಪ್ರಕೃತಿಯನ್ನು ಕಾಪಾಡುವುದು ಮೇಲುಮೇಲಿನ ಚಿಂತನೆ. ಮರ, ಮೃಗ, ಕೀಟಗಳಿಗೂ ನಮ್ಮ ಉಪಯೋಗವನ್ನು ಮೀರಿದ ಬೆಲೆಯುಂಟೆಂದು ಅರಿಯುವುದು ಆಳವಾದ ಚಿಂತನೆ. ಬದುಕಿಗೆ ಅವಶ್ಯವಾದಷ್ಟನ್ನೇ ಪ್ರಕೃತಿಯಿಂದ ಪಡೆಯಬೇಕೆಂಬುದು ಇದರ ಸಾರ.

ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕಾಡಿನ ಉಳಿವಿಗಾಗಿ ಹೋರಾಡಿದ ಅನೇಕರು ಇದರಿಂದ ಸ್ಫೂರ್ತಿ ಪಡೆದರು. ಅಮೆರಿಕದಲ್ಲಿ ಈ ವಾದ ತಳೆದ ರೂಪವನ್ನು 1989ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಆಕ್ಷೇಪಿಸಿದರು. ಜನರನ್ನು ಹೊರಗಿಟ್ಟು ಕಾಡನ್ನು ಕಾಯುವುದು ಭಾರತದಂಥ ದೇಶದಲ್ಲಿ ಬಡವರಿಗೆ ಹಾನಿಕರವೆಂದರು.

ನೆಸ್ 2009ರಲ್ಲಿ ನಿಧನರಾದರು. ಸಕಲ ಜೀವಿಗಳೂ ಬಾಳಬೇಕು, ಕಾಡನ್ನು ನಂಬಿದ ಬಡವನೂ ಬದುಕಬೇಕು. ಇವೆರಡನ್ನೂ ಹೊಂದಿಸುವ ಹೊಣೆ ಮುಂದಿನ ಪೀಳಿಗೆಯದು.