ದೇವರ ಮನೆಯೊಳಗೇ ಊಟದ ಮೇಜು

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂಬತ್ತನೇ ಅವೆನ್ಯೂ ಮತ್ತು ಇಪ್ಪತ್ತೆಂಟನೇ ಬೀದಿ ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಹಳೇ ಚರ್ಚೊಂದಿದೆ. ಹೆಸರು ಚರ್ಚ್ ಆಫ್ ದಿ ಹೋಲಿ ಅಪಾಸಲ್ಸ್. 1840ರ ದಶಕದಲ್ಲಿ ಮಿನಾರ್ಡ್ ಲಫೀವರ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿದ್ದು. ವಿಲಿಯಂ ಜೇ ಬೋಲ್ಟನ್ ಮಾಡಿದ ಬಣ್ಣದ ಗಾಜಿನ ಕಿಟಕಿಗಳಿಗಾಗಿ ಕಲಾಪ್ರಿಯರು ಇದನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಇಲ್ಲಿಗೆ ಬರುವುದು ಊಟಕ್ಕೆ. ಭಾನುವಾರ ಆರಾಧನೆ, ವಾರದ ದಿನಗಳಲ್ಲಿ ಹಸಿದು ಬಂದವರಿಗೆಲ್ಲ ಅನ್ನ. ನಾಲ್ಕು ದಶಕಗಳಿಂದ ಇದು ನಡೆದುಬಂದಿದೆ.

ಅಮೆರಿಕದ ಚರ್ಚುಗಳಲ್ಲಿ ಬಡವರಿಗೆ ಊಟ ಹಾಕುವುದು ಹೊಸದಲ್ಲ. ಇಲ್ಲಿಂದ ಕೂಗಳತೆಯ ದೂರದಲ್ಲಿ, ಮೂವತ್ತೊಂದನೇ ಬೀದಿಯ ಸೇಂಟ್ ಫ್ರಾನ್ಸಿಸ್ ಚರ್ಚಿನ ಸಂನ್ಯಾಸಿಗಳು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1930ರಲ್ಲೇ, ಸಾಲಿನಲ್ಲಿ ನಿಂತವರಿಗೆ ಬ್ರೆಡ್ಡು ಹಂಚಲು ತೊಡಗಿದ್ದರು. ಡೊರೊಥಿ ಡೇ ಮತ್ತು ಪೀಟರ್ ಮೋರಿನ್ 1933ರಲ್ಲಿ ಆರಂಭಿಸಿದ ಕ್ಯಾಥೊಲಿಕ್ ವರ್ಕರ್ ಚಳವಳಿಯ ಮನೆಗಳಲ್ಲೂ ಸೂಪಿನ ಪಾತ್ರೆ ಒಲೆಯ ಮೇಲಿರುತ್ತಿತ್ತು. ಹೋಲಿ ಅಪಾಸಲ್ಸ್ ಈ ದಾರಿಗೆ ಬಂದದ್ದು ತಡವಾಗಿ, 1982ರ ಅಕ್ಟೋಬರಿನಲ್ಲಿ. ಅದು ಕೆಟ್ಟ ಕಾಲ. ದೇಶದಲ್ಲಿ ನಿರುದ್ಯೋಗ ಶೇಕಡ ಹತ್ತನ್ನು ದಾಟಿತ್ತು. ರೇಗನ್ ಸರ್ಕಾರ ಬಡವರ ಆಹಾರ ಕೂಪನ್ನಿನ ಹಣಕ್ಕೆ ಕತ್ತರಿ ಹಾಕಿತ್ತು. ಮಾನಸಿಕ ಆಸ್ಪತ್ರೆಗಳು ರೋಗಿಗಳನ್ನು ಹೊರಗೆ ಕಳಿಸಿದ್ದವು. ಅಂಥವರು ಕಡಿಮೆ ಬಾಡಿಗೆಗೆ ತಂಗುತ್ತಿದ್ದ ಒಂಟಿ ಕೋಣೆಯ ಹೋಟೆಲುಗಳು ನಗರದಲ್ಲಿ ಒಂದೊಂದಾಗಿ ಮಾಯವಾಗುತ್ತಿದ್ದವು. ಪಾದ್ರಿ ರ‍್ಯಾಂಡ್ ಫ್ರೂ ಅವರ ಮುಂದಾಳತ್ವದಲ್ಲಿ ಅಡುಗೆ ಶುರುವಾಯಿತು. ಬರಬರುತ್ತ ದಿನಕ್ಕೆ ಸಾವಿರಕ್ಕೂ ಮಿಕ್ಕಿ ಜನ ಉಣ್ಣುವಷ್ಟು ಅದು ಬೆಳೆಯಿತು. ಹೋಟೆಲು, ಅಂಗಡಿಗಳಲ್ಲಿ ಮಿಕ್ಕ ಒಳ್ಳೆಯ ಆಹಾರವನ್ನು ಇಂಥ ಅಡುಗೆಮನೆಗಳಿಗೆ ಮುಟ್ಟಿಸುವ ಸಿಟಿ ಹಾರ್ವೆಸ್ಟ್ ಸಂಸ್ಥೆ ಹುಟ್ಟಿದ್ದೂ ಇದೇ ನಗರದಲ್ಲಿ, ಅದೇ ವರ್ಷ.

1990ರ ಏಪ್ರಿಲ್‌ನಲ್ಲಿ ಚರ್ಚಿಗೆ ಬೆಂಕಿ ಬಿತ್ತು. ಮಾಡು ಸುಟ್ಟುಹೋಯಿತು, ಬೋಲ್ಟನ್‌ನ ಕಿಟಕಿಗಳಲ್ಲಿ ಕೆಲವು ಹಾಳಾದವು. ಮರುದಿನದ ಊಟ ಮಾತ್ರ ತಪ್ಪಲಿಲ್ಲ. ಜೀರ್ಣೋದ್ಧಾರ ಮುಗಿಯಲು ನಾಲ್ಕು ವರ್ಷ ಹಿಡಿಯಿತು. ಬೆಂಕಿಗೆ ಮುಂಚೆ ಊಟ ನಡೆಯುತ್ತಿದ್ದುದು ಪಕ್ಕದ ಕಟ್ಟಡದಲ್ಲಿ. ಚರ್ಚನ್ನು ಮತ್ತೆ ಸಜ್ಜುಗೊಳಿಸುವಾಗ ಸಭೆಯವರು ಒಂದು ತೀರ್ಮಾನಕ್ಕೆ ಬಂದರು: ಸಾಲುಸಾಲಾಗಿ ನೆಲಕ್ಕೆ ಕೂರಿಸಿದ ಆ ಉದ್ದುದ್ದ ಬೆಂಚುಗಳು ಇನ್ನು ಬೇಡ, ಆರಾಧನೆಯ ಸಭಾಂಗಣದಲ್ಲೇ ಮೇಜು ಕುರ್ಚಿ ಹಾಕಿ ಉಣಬಡಿಸೋಣ. ಈ ಚರ್ಚಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲವೆಂದು ನನಗೆ ಅನಿಸುತ್ತದೆ. ಬಡವರಿಗೆ ಊಟ ಹಾಕುವ ಜಾಗಗಳು ಸಾಮಾನ್ಯವಾಗಿ ಹಿತ್ತಿಲ ಕಡೆ, ನೆಲಮಾಳಿಗೆಯಲ್ಲಿ, ಶೆಡ್ಡಿನಲ್ಲಿ ಇರುತ್ತವೆ. ಇಲ್ಲಿ ಬೀದಿಯಲ್ಲಿ ರಾತ್ರಿ ಕಳೆದವನೂ ಕಮಾನುಗಳ ಕೆಳಗೆ, ಬಣ್ಣದ ಗಾಜಿನಿಂದ ಇಳಿದು ಬರುವ ಬೆಳಕಿನಲ್ಲಿ, ಬಲಿಪೀಠಕ್ಕೆ ಎದುರಾಗಿ ಕೂತು ಉಣ್ಣುತ್ತಾನೆ. ಇದೇ ಸಭಾಂಗಣದಲ್ಲಿ ಎಷ್ಟೋ ವರ್ಷ ಶುಕ್ರವಾರ ಸಂಜೆ ಯಹೂದಿ ಸಭೆಯೊಂದು ತನ್ನ ಪ್ರಾರ್ಥನೆ ನಡೆಸಿತು. ಮಧ್ಯಾಹ್ನ ಮೇಜು ಎತ್ತಿಟ್ಟರೆ ಸಂಜೆಗೆ ಜಾಗ ಸಿದ್ಧ.

ಬಾಗಿಲಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. ಗುರುತಿನ ಚೀಟಿ ಬೇಡ, ಆದಾಯದ ಪುರಾವೆ ಬೇಡ, ಯಾವ ಧರ್ಮವೆಂಬ ವಿಚಾರಣೆಯಿಲ್ಲ. ಊಟಕ್ಕೆ ಮುಂಚೆ ಉಪದೇಶ ಕೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಮನೆಯಿಲ್ಲದವರು ಮಾತ್ರ ಬರುತ್ತಾರೆಂದುಕೊಂಡರೆ ಅದು ತಪ್ಪು. ಪಿಂಚಣಿಯಲ್ಲಿ ಬಾಡಿಗೆ ಕಟ್ಟಿದ ಮೇಲೆ ಕೈ ಬರಿದಾದ ವೃದ್ಧರು, ಕೆಲಸವಿದ್ದೂ ತಿಂಗಳ ಕೊನೆಗೆ ಸಾಲದೆ ಬಂದವರು ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಇಷ್ಟು ಜನಕ್ಕೆ ಸಂಬಳದ ಕೆಲಸಗಾರರಷ್ಟೇ ಬಡಿಸಲಾರರು. ದಿನವೂ ಸ್ವಯಂಸೇವಕರು ಬೇಕು. ನಿವೃತ್ತ ಶಿಕ್ಷಕಿ, ಕಾಲೇಜು ಹುಡುಗ, ಕಚೇರಿಯಿಂದ ಗುಂಪಾಗಿ ಬಂದವರು, ಹಿಂದೊಮ್ಮೆ ಇಲ್ಲೇ ಉಂಡು ಹೋಗಿ ಈಗ ಬಡಿಸಲು ಬಂದವರು ಒಟ್ಟಿಗೆ ಏಪ್ರನ್ ಕಟ್ಟಿಕೊಳ್ಳುತ್ತಾರೆ. ಕಾಲು ಮುಚ್ಚುವ ಬೂಟು, ತಲೆಗೆ ಟೋಪಿ, ಕೈಗೆ ಗ್ಲೌಸು ಇಂಥ ಅಡುಗೆಮನೆಗಳ ಸಾಮಾನ್ಯ ಶಿಸ್ತು. ಒಬ್ಬರು ಅನ್ನ ಅಥವಾ ಆಲೂಗಡ್ಡೆ, ಒಬ್ಬರು ತರಕಾರಿ, ಮತ್ತೊಬ್ಬರು ಹಣ್ಣು ಹಾಕುತ್ತಾರೆ. ಇನ್ನು ಕೆಲವರದು ಮೇಜು ಒರೆಸುವ, ತಟ್ಟೆ ಎತ್ತುವ ಕೆಲಸ. ಸೌಟು ಹಿಡಿಯಬೇಕೆಂಬ ಆಸೆ ಹೊಸಬರಿಗೆಲ್ಲ ಇರುತ್ತದೆ, ಆದರೆ ಮೇಜು ಒರೆಸುವವರಿಗೇ ಅತಿಥಿಗಳೊಂದಿಗೆ ನಾಲ್ಕು ಮಾತಾಡುವ ಅವಕಾಶ ಹೆಚ್ಚು. ಉಣ್ಣುವವರ ಫೋಟೊ ತೆಗೆಯಬಾರದು. ಇದು ಎಲ್ಲ ಕಡೆ ಪಾಲಿಸಬೇಕಾದ ಮರ್ಯಾದೆ.

ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಊಟ ಸಿಗುತ್ತದೆ ಎಂಬ ಗಾದೆ ನಮ್ಮಲ್ಲಿದೆ. ಯಾರಿಗೂ ಬಡಿಸುವವನು ‘ನಮ್ಮವ’ನಲ್ಲದ ಈ ಸಾಲಿನಲ್ಲಿ ಮೊದಲ ತಟ್ಟೆಗೂ ಕಡೆಯ ತಟ್ಟೆಗೂ ಒಂದೇ ಅಳತೆ ಬೀಳಬೇಕು. ಕೈ ಸೋತ ಹೊತ್ತಿನಲ್ಲೂ ಆ ಅಳತೆ ಕಾಯ್ದುಕೊಳ್ಳುವುದು, ತಟ್ಟೆಯನ್ನಲ್ಲದೆ ಎದುರಿನವರ ಮುಖವನ್ನು ನೋಡಿ ಬಡಿಸುವುದು ಈ ಸೇವೆಯಲ್ಲಿ ಕಲಿಯಬೇಕಾದ ಕಸುಬು.

ಹೊಟ್ಟೆ ತುಂಬಿದವರಿಗೆ ಇಲ್ಲಿ ಇನ್ನೊಂದು ಬಾಗಿಲೂ ತೆರೆದಿದೆ. ಲೇಖಕ ಇಯಾನ್ ಫ್ರೇಜಿಯರ್ 1995ರಲ್ಲಿ ಊಟಕ್ಕೆ ಬರುವವರಿಗಾಗಿಯೇ ಬರವಣಿಗೆಯ ಕಮ್ಮಟ ಆರಂಭಿಸಿದರು. ಊಟ ಮುಗಿಸಿ ಬಂದವರು ಕಾಗದ ಪೆನ್ನು ಹಿಡಿದು ಬರೆದರು. ತಾವು ಬರೆದದ್ದನ್ನು ಸಾರ್ವಜನಿಕರ ಮುಂದೆ ಓದಿದರು. ಅವರ ಬರಹಗಳು 2004ರಲ್ಲಿ ಪುಸ್ತಕವಾದವು. ಅನ್ನದ ಜತೆ ತಮ್ಮ ಮಾತು ಕೇಳುವ ಕಿವಿಯೂ ಈ ಜನಕ್ಕೆ ಬೇಕೆಂದು ಗುರುತಿಸಿದ್ದು ಬಹಳ ದೊಡ್ಡ ಕೆಲಸ.

ಕೋವಿಡ್ ಬಂದಾಗ ಒಳಗೆ ಕೂರಿಸಿ ಬಡಿಸುವಂತಿರಲಿಲ್ಲ. ಆಗ ಪೊಟ್ಟಣ ಕಟ್ಟಿ ಹೊರಗೆ ಕೊಟ್ಟರು.

ಅಮೆರಿಕದ ಇಂಥ ಅಡುಗೆಮನೆಗಳಿಗೆಲ್ಲ ಒಂದು ಸಮಾನ ಕಷ್ಟವಿದೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರಿನ ಕ್ರಿಸ್‌ಮಸ್ ಬಂತೆಂದರೆ ಬಡಿಸಲು ಜನ ಮುಗಿಬೀಳುತ್ತಾರೆ. ಅನೇಕರನ್ನು ಈಗ ಜಾಗವಿಲ್ಲವೆಂದು ವಾಪಸು ಕಳಿಸಬೇಕಾಗುತ್ತದೆ. ಹಬ್ಬ ಕಳೆದು ಫೆಬ್ರುವರಿಯ ಚಳಿ ಕೊರೆಯುವಾಗ, ಆಗಸ್ಟಿನಲ್ಲಿ ಊರವರೆಲ್ಲ ರಜೆಗೆ ಹೋದಾಗ ಕೈಗಳು ಸಾಲುವುದಿಲ್ಲ. ಹಸಿವಿಗೆ ಹಬ್ಬವೂ ಇಲ್ಲ, ರಜೆಯೂ ಇಲ್ಲ.

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಓದಲು, ದುಡಿಯಲು ಹೋದ ಮಕ್ಕಳು ಈ ಪತ್ರಿಕೆ ಓದುವ ಎಷ್ಟೋ ಮನೆಗಳಿಂದ ಅಲ್ಲಿದ್ದಾರೆ. ಅವರಿಗೆ ಈ ಚರ್ಚಿನ ವಿಷಯ ತಿಳಿಸಿ. ಮೊದಲೇ ಹೆಸರು ಬರೆಸಿ, ಹಬ್ಬದ ದಿನವಲ್ಲದ ಯಾವುದಾದರೂ ಮಂಗಳವಾರವೋ ಬುಧವಾರವೋ ಒಂದು ಬೆಳಗನ್ನು ಅದಕ್ಕೆ ಕೊಡಲು ಹೇಳಿ.